ವಿಮಾನಕ್ಕೆ ಕಟ್ಟಿದ ಉಡದಾರ

ಮೊನ್ನೆ ನಮ್ಮ ಹಳೆಯ ರೇಡಿಯೋ ಬಿಚ್ಚಿದ ರಿಪೇರಿಯವನು ಕಾದ ಸಲಾಕೆಯನ್ನು ಬೆಸುಗೆಯ ರಾಳಕ್ಕೆ ಮುಟ್ಟಿಸಿದ. ಸುರ್ ಎಂದು ಎದ್ದ ಹೊಗೆ ಮೂಗಿಗೆ ಬಡಿದದ್ದೇ ತಡ, ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ವಾಡಿಯ ಪಕ್ಕದ ಮನೆಯ ಕಾಕಾನ ಅಂಗಿಗೆ ಸದಾ ಇದೇ ವಾಸನೆ ಇರುತ್ತಿತ್ತು...

ನಾನಾಗ ಮದುವೆಯಾಗಿ ವಾಡಿಯ ರೈಲ್ವೆ ಮನೆಗಳ ಸಾಲಿಗೆ ಬಂದ ಹೊಸತು. ನಿಜಾಮರ ಆಳಿಕೆ ಮುಗಿದಿದ್ದರೂ ನಾವಿನ್ನೂ ಹೈದರಾಬಾದ್ ರಾಜ್ಯದವರೇ ಆಗಿದ್ದೆವು. ಕಾಕಾ ಸ್ಟೇಷನ್ನಿನಲ್ಲಿ ತಾರು, ಅಂದರೆ ಟೆಲಿಗ್ರಾಂ, ಕಳಿಸುವ ಬಾಬು. ಅಲ್ಲಿ ದಿನವಿಡೀ ತಂತಿ, ಮನೆಗೆ ಬಂದರೂ ತಂತಿಯೇ. ಅವರಿಗೊಬ್ಬನೇ ಮಗ. ಹೈದರಾಬಾದಿನಲ್ಲಿ ಓದುತ್ತಿದ್ದವನು ರಜೆಗೆ ಬಂದಾಗ ಒಂದು ಪುಟ್ಟ ವಿಮಾನ ಕಟ್ಟಲು ಶುರು ಮಾಡಿದ್ದನಂತೆ. ಕೆಳಗೆ ನಿಂತು ಗುಂಡಿ ಒತ್ತಿದರೆ ರೇಡಿಯೋ ಅಲೆಯ ಮಾತು ಕೇಳಿ ಮೇಲೆ ಅದು ತಿರುಗಬೇಕು, ಅಂಥದ್ದು. ಬಿದಿರಿನ ಹಂದರ ಎದ್ದು ನಿಂತಿತ್ತು, ಅಷ್ಟರಲ್ಲಿ ವಿಷಮಜ್ವರ ಬಂದು ಹುಡುಗ ಹೋಗಿಬಿಟ್ಟ.

ಅಂದಿನಿಂದ ಅವರ ಹೆಂಡತಿ ಕಾಕು ಹೊಸ್ತಿಲು ದಾಟಿರಲಿಲ್ಲ. ಕಾಕಾನೊಂದಿಗೆ ಮಾತೂ ಇಲ್ಲ. ಊಟದ ತಾಟು ಮುಂದಿಡುವುದು, ಒಳಗೆ ಹೋಗುವುದು. ಆ ಮನೆಯ ಮೌನ ನಮ್ಮ ಗೋಡೆ ದಾಟಿ ಬರುತ್ತಿತ್ತು. ಒಂದು ದಿನ ಕಾಕಾ ಅಟ್ಟದಿಂದ ಆ ಹಂದರ ಇಳಿಸಿದರು.

“ಅದು ಹಾರೋದು ನೋಡ್ಲಿಕ್ಕರೆ ಆಕಿ ಹೊರಗ ಬರ್ತಾಳವ್ವಾ,” ಎಂದರು ನನಗೆ. ಅವರಿಗೆ ಬೇಕಿದ್ದದ್ದು ಅದೊಂದೇ.

ರೆಕ್ಕೆಗೆಂದು ಪೂಜೆಗೆ ಉಡುತ್ತಿದ್ದ ತಮ್ಮ ಹಳೆಯ ರೇಷ್ಮೆ ಮಗುಟವನ್ನೇ ಹರಿದುಕೊಟ್ಟರು, ಹೊಲಿದವಳು ನಾನು. ಆಮೇಲೆ ಶುರುವಾಯಿತು ನೋಡಿ ಅವರ ತೂಕದ ಹುಚ್ಚು. ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ವಿಮಾನ ಎತ್ತುವುದು, ಅದು ಹಿಂದೆ ಮುಂದೆ ವಾಲದೆ ನಿಲ್ಲುವ ತನಕ ಮೂತಿಯೊಳಗೆ ಸೀಸದ ಚೂರು ಹಾಕುವುದು, ತೆಗೆಯುವುದು. ಬಾಲ ಭಾರವಾದರೆ ಮೂತಿ ಮೇಲೆತ್ತಿ, ಅಲ್ಲೇ ನಿಂತು, ಬಿದ್ದೇಬಿಡುತ್ತದೆ ಎಂದು ಬಿಡಿಸಿ ಹೇಳಿದ್ದರು. ಬಾಲದ ಬಳಿ ನಾನು ಬಿಟ್ಟಿದ್ದ ದಾರದ ಗಂಟನ್ನೂ ಕತ್ತರಿಸಿಹಾಕಿದರು. ತಂತಿಗಳ ವಿಷಯದಲ್ಲೂ ಅಷ್ಟೆ, ಬೆಸೆದದ್ದನ್ನೆಲ್ಲ ಜಗ್ಗಿ ನೋಡಬೇಕು. ಅದರ ನಡುವೆಯೇ ಕೆಟ್ಟಿದ್ದ ನಮ್ಮ ಇದೇ ರೇಡಿಯೋವನ್ನೂ ಬೆಸೆದುಕೊಟ್ಟರು. ಇಂಥ ಕಿರಿಕಿರಿ ಮನುಷ್ಯನನ್ನು ಕಂಡಿಲ್ಲವೆಂದು ನಮ್ಮ ಯಜಮಾನರ ಮುಂದೆ ಗೊಣಗಿದ್ದೂ ಉಂಟು.

ಹಾರಿಸುವುದು ಎಂದು ಗೊತ್ತುಮಾಡಿದ್ದು ಊರ ಹೊರಗೆ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಹಳೆಯ ಗಣಿಯಲ್ಲಿ. ಮೇಲಿನ ಪದರ ತೆಗೆದಿದ್ದರಿಂದ ಅಲ್ಲಿ ನೆಲ ಪಡಸಾಲೆಯಷ್ಟು ಸಪಾಟು. ಅಂದು ಬೆಳಿಗ್ಗೆ ನಾವು ಹೊರಟಾಗ ಕಾಕುವೂ ಚಪ್ಪಲಿ ಮೆಟ್ಟಿದರು! ಕೈಯಲ್ಲಿ ಆರತಿ ತಟ್ಟೆ. ಕಾಕಾ ದಾರಿಯುದ್ದಕ್ಕೂ ಹೊರಳಿ ಹೊರಳಿ ಹೆಂಡತಿಯನ್ನೇ ನೋಡುತ್ತಿದ್ದರು.

ಹೊಸ ಬಂಡಿಯನ್ನು ಪೂಜೆಯಿಲ್ಲದೆ ಯಾರು ಹೊರಡಿಸುತ್ತಾರೆ? ಕಾಕು ಮೂತಿಗೆ ಕುಂಕುಮ ಹಚ್ಚಿದರು. ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು ತೆಗೆದರು. ಆಮೇಲೆ ಸೆರಗಿನ ಗಂಟು ಬಿಚ್ಚಿ ಬೆಳ್ಳಿಯ ಉಡದಾರ ತೆಗೆದರು. ಮಗ ಹಾಲುಗೂಸಾಗಿದ್ದಾಗ ದೃಷ್ಟಿಯಾಗದಿರಲೆಂದು ನಡಕ್ಕೆ ಕಟ್ಟಿದ್ದದ್ದು. ಬಾಲದ ಮುಂದೆ ಸಪೂರವಾಗಿದ್ದ ಕಡೆಯೇ ವಿಮಾನದ ನಡವೆಂದುಕೊಂಡರೋ ಏನೋ, ಅಲ್ಲಿ ಎರಡು ಸುತ್ತು ಸುತ್ತಿ, ಕೂಸಿಗೆ ಕಟ್ಟಿದ ಹಾಗೆ ಮೆತ್ತಗೆ ಗಂಟು ಹಾಕಿದರು.

ದಾರದ ಗಂಟೂ ಇರಬಾರದೆಂದಿದ್ದ ಬಾಲವದು. ಕಾಕಾನ ಕೈ ಗಂಟಿನವರೆಗೆ ಹೋಯಿತು.

“ಇರ್ಲಿ ಬಿಡ್ರಿ,” ಎಂದರು ಕಾಕು. “ಅವಂದೊಂದು ಮ್ಯಾಲ ಹೋಗ್ಲಿ.”

ಮಗ ಹೋದ ಮೇಲೆ ಗಂಡನಿಗೆ ಅವರಾಡಿದ ಮೊದಲ ಮಾತು ಅದು. ಕಾಕಾ ಕೈ ಹಿಂದಕ್ಕೆ ತೆಗೆದುಕೊಂಡರು. ಮೂತಿಗೆ ಸರಿತೂಕ ಹಾಕೋಣವೆಂದರೆ ಸೀಸದ ಡಬ್ಬಿ ಮನೆಯಲ್ಲಿ. ಮನೆಗೆ ಮರಳಿದರೆ ಕಾಕು ಮತ್ತೆ ಹೊಸ್ತಿಲು ದಾಟುತ್ತಿದ್ದರೋ ಇಲ್ಲವೋ... ಕಾಕಾ ನನ್ನ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದರು. ಸುಮ್ಮನಿರು ಎಂದು.

ಎಂಜಿನ್ ಗುರ್ರೆಂದಿತು. ವಿಮಾನ ಕಲ್ಲಿನ ಮೇಲೆ ಓಡಿ, ಎದ್ದಿತು. ಕಾಕು ತಲೆ ಎತ್ತಿ ಆಕಾಶ ನೋಡಿದರು. ಆ ಮುಖ ಈಗಲೂ ನನ್ನ ಕಣ್ಣಲ್ಲಿದೆ. ಮೂತಿ ಮೇಲಕ್ಕೆ, ಇನ್ನೂ ಮೇಲಕ್ಕೆ ಎತ್ತುತ್ತ ಹೋಯಿತು. ಆಮೇಲೆ ಅಲ್ಲೇ ನಿಂತಿತು. ಬಿದ್ದ ಸದ್ದಿಗೆ ಕಾಕು ಕಿವಿ ಮುಚ್ಚಿಕೊಂಡರು.

“ನಂದೇ ತಪ್ಪು,” ಎಂದರು ಕಾಕಾ. “ಒಳಗ ತಂತಿ ಬಿಟ್ಟದ.”

ಕಾಕು ಚೂರುಗಳ ನಡುವಿನಿಂದ ಉಡದಾರ ಆರಿಸಿಕೊಂಡು ಗಂಡನನ್ನು ಬೈಯಲು ಶುರು ಮಾಡಿದವರು ಮನೆ ಬರುವವರೆಗೂ ನಿಲ್ಲಿಸಲಿಲ್ಲ. ಮರುದಿನ ಬಾವಿಯ ಹತ್ತಿರ ಬಂದು ನಮ್ಮೆಲ್ಲರ ಮುಂದೆಯೂ ಬೈದರು. ಅಂತೂ ಹೊರಗೆ ಬಂದರು, ಬಾಯೂ ಬಂತು. ಕಾಕಾ ಮತ್ತೆ ವಿಮಾನ ಕಟ್ಟಲಿಲ್ಲ. ಹೆಂಡತಿ ಬೈದಾಗಲೆಲ್ಲ ತಲೆ ತಗ್ಗಿಸಿ ಚಹಾ ಕುಡಿಯುತ್ತಿದ್ದರು.

ಎಷ್ಟೋ ವರ್ಷಗಳ ಮೇಲೆ ಅವರು ತೀರಿಕೊಂಡಾಗ ನಾನು ಹೋಗಿದ್ದೆ. ಕಾಕು ಹೆಣದ ಎದೆಯ ಮೇಲೆ ತಲೆಯಿಟ್ಟು ಅಳುತ್ತಿದ್ದರು. “ಒಂದು ತಂತಿ ನೆಟ್ಟಗ ಹಚ್ಚಲಿಲ್ಲಲ್ಲ ನೀವು... ನನ್ನ ಮಗನ ವಿಮಾನ ಕೆಡವಿದ್ರಲ್ಲ...” ನಾನು ಅವರ ಬೆನ್ನು ಸವರುತ್ತ ಕುಳಿತೆ. ಈಗ ಕಾಕುವೂ ಇಲ್ಲ.

ರಿಪೇರಿಯವನು ರೇಡಿಯೋದೊಳಗೆ ಬೆರಳು ಹಾಕಿ ಒಂದೊಂದೇ ತಂತಿ ಜಗ್ಗಿ ನೋಡುತ್ತಿದ್ದ.

“ಹಳೇ ಬೆಸುಗಿ ಭಾಳ ಗಟ್ಟಿ ಅದರಿ ಅಜ್ಜಿ. ಒಂದೂ ಬಿಟ್ಟಿಲ್ಲ.”

ಗೊತ್ತಪ್ಪಾ ಎಂದೆ.