ಹೋರಾಟಕ್ಕೆ ಒಂದೇ ಫ್ಲಾಪಿ

ತೊಂಬತ್ತರ ದಶಕದ ಕೊನೆಯಲ್ಲಿ ಶಿಡ್ಲಘಟ್ಟದಲ್ಲಿ ನಮ್ಮ ರೇಷ್ಮೆ ಕಾರ್ಮಿಕರ ಸಂಘದ ಕರಪತ್ರಗಳನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿಕೊಡುತ್ತಿದ್ದವಳು ಜಬೀನಾ. ಒಂದು ದಿನ ಅವಳ ಅಂಗಡಿಗೆ ಹೋದರೆ ಫ್ಲಾಪಿಗಳನ್ನು ರಾಶಿ ಹಾಕಿಕೊಂಡು ಕೂತಿದ್ದಳು.

“ನಾಳೆ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕ್ತಾರಣ್ಣ. ಒಳಗಿರೋದೆಲ್ಲ ಅಳಿಸಿ ಹೋದ್ರೂ ಹೋಗ್ಬೋದಂತೆ. ಅದಕ್ಕೇ ಎಲ್ಲಾ ಕಾಪಿ ಮಾಡಿಟ್ಕೊತಾ ಇದೀನಿ. ಮದುವೆ ಕಾರ್ಡುಗಳಿಗೇ ಡಬ್ಬಗಟ್ಟಲೆ ಹೋದ್ವು, ನಿಮ್ಮ ಕರಪತ್ರಗಳಿಗೆ ಒಂದೇ ಫ್ಲಾಪಿ ಉಳಿದಿರೋದು.”

ನನಗೆ ರೇಗಿತು. “ಮದುವೆ ಕಾರ್ಡಿಗೆ ಡಬ್ಬಗಟ್ಟಲೆ, ಹೋರಾಟಕ್ಕೆ ಒಂದಾ? ಅದು ನಮ್ಮ ಚರಿತ್ರೆ ಕಣಮ್ಮ! ಒಂದಕ್ಷರ ಹೋದ್ರೂ ನಿನ್ನ ಅಂಗಡಿ ಮುಂದೇನೇ ಧರಣಿ ಕೂರ್ತೀನಿ.”

“ಕೂತ್ಕೊಳ್ಳಿ, ಟೀ ತರಿಸ್ತೀನಿ” ಎಂದವಳು ಒಂದೊಂದೇ ಕರಪತ್ರ ತೆರೆದು ತೋರಿಸಿದಳು. ಕುದಿಯುವ ನೀರಿಗೆ ಕೈಹಾಕಿ ರೇಷ್ಮೆ ನೂಲು ತೆಗೆಯುವವರ ಬೆಂದ ಬೆರಳಿಗೆ ಪುಕ್ಕಟೆ ಮುಲಾಮು ಕೊಡಿ ಎಂದು ರೇಷ್ಮೆ ಇಲಾಖೆಯ ಸಾಹೇಬರಿಗೆ ಬರೆದದ್ದು. ಎಲ್ಲದರಲ್ಲೂ ಅದೇ ಬೇಡಿಕೆ, ಅದೇ ಬೈಗುಳ.

“ನೋಡಿ ಅಣ್ಣ, ಪ್ರತಿಸಲ ನಾನು ಹಳೇದನ್ನೇ ತೆಗೆದು, ತಾರೀಕು ಮತ್ತೆ ಸಾಹೇಬರ ಹೆಸರು ಬದಲಾಯಿಸಿ ಕೊಡ್ತಿದ್ದೆ. ಒಂದು ಕರಪತ್ರ ಇಟ್ಕೊಂಡ್ರೆ ಸಾಲ್ದಾ?”

ಮಗಳ ವಯಸ್ಸಿನವಳು, ನನ್ನ ಹೋರಾಟವನ್ನು ನನಗಿಂತ ಗಮನವಿಟ್ಟು ಓದಿದ್ದಳು.

“ಆಯ್ತಮ್ಮ, ಒಂದೇ ಇಡು. ಸಾಹೇಬರ ಹೆಸರಿನ ಜಾಗ ಖಾಲಿ ಬಿಡು.”

“ಬೈಗುಳ?”

“ಅದು ಇರ್ಲಿ. ಯಾವ ಸಾಹೇಬ್ರು ಬಂದ್ರೂ ಒಪ್ಪುತ್ತೆ.”

ಅವಳು ನಕ್ಕು, ಫ್ಲಾಪಿಯ ಮೇಲೆ ನನ್ನ ಹೆಸರು ಬರೆದಳು. ಹೊಸ ವಿಂಡೋಸ್ ಹಾಕಿದ ವಾರವೇ ಆ ಕರಪತ್ರ ಮತ್ತೆ ಬೇಕಾಯಿತು. ಇಲಾಖೆಯವರು ಮುಲಾಮು ಕೊಟ್ಟುಬಿಟ್ಟಿದ್ದರೆ ಆ ಒಂದು ಫ್ಲಾಪಿಯನ್ನೂ ಅವಳು ಮದುವೆ ಕಾರ್ಡಿಗೇ ಇಟ್ಟುಕೊಳ್ಳಬಹುದಿತ್ತು.