ನಿನ್ನೆ ಮನೆಯಲ್ಲಿ ಏನು ಅಡುಗೆ?

ಹೋಟೆಲಿನ ನೆಲಮಾಳಿಗೆಯಲ್ಲಿ ಚಾದರಗಳಿಗೆ ಇಸ್ತ್ರಿ ಹಾಕುವ ಹೆಂಗಸಿಗೆ ಇಂಗ್ಲಿಷಿನ ಅಗತ್ಯವೇ ಇರಲಿಲ್ಲ. ಒದ್ದೆ ಚಾದರವನ್ನು ಬಿಸಿ ಉರುಳೆಯೊಳಗೆ ಬಿಟ್ಟರೆ ಆ ಕಡೆಯಿಂದ ಗರಿಗರಿಯಾಗಿ ಬರುತ್ತದೆ. ಅದರ ಜೊತೆ ಯಾವ ಭಾಷೆಯಲ್ಲೂ ಮಾತಾಡಬೇಕಾಗಿಲ್ಲ. ಯಂತ್ರದ ಗದ್ದಲಕ್ಕೆ ಪಕ್ಕದವರು ಗಂಟಲು ಹರಿದುಕೊಂಡರೂ ಕೇಳಿಸದು, ಹಾಗಾಗಿ ಅಲ್ಲಿ ಎಲ್ಲ ಕೈಸನ್ನೆಯಲ್ಲೇ ನಡೆಯುತ್ತಿತ್ತು. ಆದರೆ ಅತಿಥಿಗಳ ಜೊತೆ ಮಾತಾಡುವ ಕೆಲಸಗಾರರಿಗೆಂದು ಮ್ಯಾನೇಜರು ಇಂಗ್ಲಿಷ್ ತರಗತಿ ಶುರುಮಾಡಿದಾಗ ಕುರ್ಚಿಗಳು ತುಂಬಲಿಲ್ಲ. ಕೆಳಗಿನಿಂದಲೂ ಯಾರನ್ನಾದರೂ ಕಳಿಸಿ ಎಂದರು. ಪಾಳಿ ಮುಗಿದ ಮೇಲೆ ಮನೆಗೆ ಓಡುವ ಅವಸರ ಇಲ್ಲದವಳು ಇವಳೊಬ್ಬಳೇ.

ಎಲ್ಲರೂ ಅವಳನ್ನು ಇಸ್ತ್ರಿ ಅಕ್ಕ ಎನ್ನುತ್ತಿದ್ದರು. ಗಂಡ ಬಿಟ್ಟುಹೋಗಿ ವರ್ಷಗಳೇ ಉರುಳಿದ್ದವು. ಒಡಹುಟ್ಟಿದವಳೆಂದರೆ ಒಬ್ಬ ತಂಗಿ. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಯಾರು ಬಂದು ಕೂತರು, ಯಾರು ಮುಖ ತೋರಿಸಿ ಹೋದರು ಎಂದು ಮಾತಿಗೆ ಮಾತು ಬೆಳೆದು, ಅಮ್ಮ ತೀರಿಕೊಂಡ ಮೇಲೆ ಇಬ್ಬರ ನಡುವೆ ಮಾತೇ ನಿಂತಿತ್ತು. ಅಕ್ಕನದು ಒಂದೇ ಕೋಣೆಯ ಮನೆ. ಬೀಗ ತೆಗೆದು ಒಳಗೆ ಹೋದರೆ ಬೆಳಿಗ್ಗೆ ಬಿಟ್ಟ ಲೋಟ ಬಿಟ್ಟಲ್ಲೇ ಇರುತ್ತಿತ್ತು.

ತರಗತಿ ನಡೆಯುತ್ತಿದ್ದದ್ದು ಕೆಲಸಗಾರರ ಕ್ಯಾಂಟೀನಿನಲ್ಲಿ, ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ. ಒರೆಸಿದ ಮೇಜು ಇನ್ನೂ ಒದ್ದೆ ಇರುತ್ತಿತ್ತು. ಟೀಚರಮ್ಮ ಎಲ್ಲರನ್ನೂ ಇಬ್ಬಿಬ್ಬರಾಗಿ ಕೂರಿಸಿದರು. ಅಕ್ಕನಿಗೆ ಜೋಡಿಯಾಗಿ ಸಿಕ್ಕಿದವನು ಲಿಫ್ಟ್ ನಡೆಸುವವನು, ಕುತ್ತಿಗೆವರೆಗೂ ಗುಂಡಿ ಹಾಕಿದ ಸಮವಸ್ತ್ರದ, ತಲೆ ನರೆತ ಮನುಷ್ಯ. ಮೊದಲ ದಿನವೇ ಅವನು ಎದೆ ಸೆಟೆಸಿ, "ಈವ್ನಿಂಗ್ ಐ ಈಟ್ ಸ್ನೇಕ್" ಎಂದುಬಿಟ್ಟ.

"ಅಯ್ಯೋ, ಹಾವು ತಿನ್ನಬೇಡಿ ಮಾರಾಯ್ರೆ! ಸ್ನ್ಯಾಕ್ಸ್ ಅನ್ನಿ" ಎಂದರು ಟೀಚರಮ್ಮ.

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ, ದವಡೆ ನೋಯಿತು.

ತರಕಾರಿ, ಬಣ್ಣ, ಬಂಧುಬಳಗ ಎಲ್ಲ ಮುಗಿದು 'ನಿನ್ನೆ' ಎಂಬ ಪಾಠ ಬಂತು. ಆಮೇಲೆ ಪ್ರತಿ ತರಗತಿಯೂ ಅದರಿಂದಲೇ ಶುರು. ನಿನ್ನೆ ಏನು ಮಾಡಿದಿರಿ ಎಂದು ಒಬ್ಬರನ್ನೊಬ್ಬರು ಕೇಳಬೇಕು. ಅವನು ಅಕ್ಕನನ್ನು ಕೇಳಿದ. ಹಾಗೆ ಯಾರೂ ಅವಳನ್ನು ಕೇಳಿದ್ದೇ ಇಲ್ಲ. ಏನೂ ಮಾಡಲಿಲ್ಲ ಎನ್ನಲು ನಾಚಿಕೆಯಾಗಿ, "ಐ ವೆಂಟ್ ಟು ಸಿಸ್ಟರ್ ಹೌಸ್" ಎಂದಳು.

"ಸಿಸ್ಟರ್ ಗುಡ್?"

"ವೆರಿ ಗುಡ್."

ಅವಳು ಕೇಳಿದಾಗ ಅವನು ಹೆಂಡತಿಯ ಅಡುಗೆಯ ವರದಿ ಒಪ್ಪಿಸಿದ. ಮೈ ವೈಫ್ ಕುಕ್ಡ್ ಬೀನ್ಸ್. ಇನ್ನೊಂದು ದಿನ ಮೀನು, ಮತ್ತೊಂದು ದಿನ ಆಲೂಗಡ್ಡೆ. ಉಪ್ಪು ಹೆಚ್ಚಾಗಿತ್ತು, ಆದರೂ ಹೇಳಲಿಲ್ಲ ಎನ್ನುವಷ್ಟು ಇಂಗ್ಲಿಷು ಬೇಗನೆ ಕಲಿತ. ಅಕ್ಕನ ತಂಗಿಯೂ ಹಿಂದೆ ಬೀಳಲಿಲ್ಲ: ಅವಳಿಗೊಂದು ಮಗು ಹುಟ್ಟಿತು, ಮಗುವಿಗೆ ಹಲ್ಲು ಬಂತು, ಅದು ದೊಡ್ಡಮ್ಮನ ಕೂದಲು ಹಿಡಿದು ಎಳೆಯಿತು.

ಒಂದು ದಿನ ಕ್ಯಾಂಟೀನಿನ ಅಡುಗೆಯವನು ತಟ್ಟೆಗೆ ಬಡಿಸುತ್ತ ಹೇಳಿದ: "ಪಾಪ ಅಕ್ಕ, ಆ ಲಿಫ್ಟಿನವರು ಎರಡು ಹೊತ್ತೂ ಇಲ್ಲೇ ಊಟ. ಹೆಂಡತಿ ತೀರಿಹೋದಾಗಿನಿಂದ ಮನೇಲಿ ಒಲೆನೇ ಹಚ್ಚಿಲ್ವಂತೆ."

ಅಕ್ಕ ತಟ್ಟೆ ಹಿಡಿದುಕೊಂಡು ಮೂಲೆಯ ಮೇಜಿಗೆ ಹೋದಳು. ಆ ಮಧ್ಯಾಹ್ನ ಅವನ ಎದುರು ಕೂತಾಗ ಏನು ಕೇಳಬೇಕೋ ತಿಳಿಯಲಿಲ್ಲ. ಅವನೋ ಕಾದಿದ್ದ, ಕೈಕಟ್ಟಿಕೊಂಡು, ಪರೀಕ್ಷೆಗೆ ತಯಾರಾದವನಂತೆ. ಕೊನೆಗೆ ಅವಳು ಕೇಳಿದಳು: "ಎಸ್ಟರ್ಡೇ, ವಾಟ್ ಡಿಡ್ ಯುವರ್ ವೈಫ್ ಕುಕ್?"

ಅವನ ಮುಖ ಅರಳಿತು. "ಎಗ್ಸ್," ಎಂದ.

ಅಂದಿನಿಂದ ಅವಳು ತಪ್ಪದೆ ಕೇಳಿದಳು. ವಿಚಿತ್ರವೆಂದರೆ ಹೊರಗೆ ಕಾರಿಡಾರಿನಲ್ಲಿ, ಚಾದರದ ಗಾಡಿ ತಳ್ಳುವಾಗ ಎದುರಾದರೆ ಇಬ್ಬರಿಗೂ ಮಾತೇ ಬರುತ್ತಿರಲಿಲ್ಲ. "ಊಟ ಆಯ್ತಾ?" "ಆಯ್ತು, ನಿಮ್ದು?" ಅಷ್ಟೇ. ಅವನು ಗೋಡೆಗೆ ಒತ್ತಿ ನಿಂತು ದಾರಿ ಬಿಡುತ್ತಿದ್ದ.

ಹೋಟೆಲಿಗೆ ಹೊಸ ಲಿಫ್ಟ್ ಬಂತು. ಗುಂಡಿ ಒತ್ತಿದರೆ ಸಾಕು, ನಡೆಸುವವರು ಬೇಡ. ಮನೆಗೆ ಹೋಗಿ ಎಂದು ಅವನಿಗೆ ಹೇಳಿದರು. ಕೊನೆಯ ತರಗತಿಯಲ್ಲಿ ಅಕ್ಕ ಎಂದಿನಂತೆ ಕೇಳಿದಾಗ ಅವನು ಪುಸ್ತಕ ಮುಚ್ಚಿದ.

"ನಥಿಂಗ್," ಎಂದವನು ದನಿ ತಗ್ಗಿಸಿದ. "ನಿಮಗೆ ಗೊತ್ತಿತ್ತು ಅಲ್ವಾ?"

"ಹೂಂ."

"ಮತ್ತೆ ಯಾಕೆ ಕೇಳ್ತಾನೇ ಇದ್ರಿ?"

"ನೀವು ಹೇಳೋದು ಕೇಳೋಕೆ ಚೆನ್ನಾಗಿರ್ತಿತ್ತು."

ಅವನು ತಲೆಯಾಡಿಸಿದ. "ನಿಮ್ಮ ತಂಗಿ ಮಗು..."

"ಮಗು ಇಲ್ಲ. ಇದೆಯೋ ಏನೋ, ನಂಗೆ ಗೊತ್ತಿಲ್ಲ. ಅವಳು ನನ್ನ ಹತ್ರ ಮಾತಾಡಲ್ಲ."

"ಫೋನ್ ಮಾಡಿ ನೋಡಿ," ಎಂದು ಅವನು ಎದ್ದ. ಮರುದಿನದಿಂದ ಬರಲಿಲ್ಲ. ಅವನ ಮನೆ ಯಾವ ಬೀದಿಯಲ್ಲಿ ಎಂದು ಅಕ್ಕ ಕೇಳಿರಲೇ ಇಲ್ಲ. ಅಡುಗೆಯವನಿಗೂ ತಿಳಿದಿರಲಿಲ್ಲ.

ರಜೆಯ ದಿನ ಅವಳು ತಂಗಿಗೆ ಫೋನ್ ಮಾಡಿದಳು. ತಂಗಿ ಎತ್ತಿದಳು.

"ಏನಾಯ್ತು? ಹುಷಾರಿಲ್ವಾ?"

"ಹುಷಾರಾಗಿದ್ದೀನಿ. ಸುಮ್ನೆ ಮಾಡ್ದೆ ಕಣೆ."

"ಸುಮ್ನೇನಾ?" ತಂಗಿಗೆ ನಂಬಿಕೆ ಬರಲಿಲ್ಲ. ಹಿಂದೆ ಯಾರೋ ಏನೋ ಕೇಳುವುದು ಕೇಳಿಸಿತು, ಪಾತ್ರೆಯ ಸದ್ದು. "ಒಲೆ ಮೇಲೆ ಹಾಲಿಟ್ಟಿದ್ದೀನಿ ಅಕ್ಕಾ. ಆಮೇಲೆ ಮಾಡ್ತೀನಿ."

ಅಕ್ಕ ಸಂಜೆಯವರೆಗೂ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಆ ದಿನ ಕರೆ ಬರಲಿಲ್ಲ, ಆ ವಾರವೂ ಬರಲಿಲ್ಲ. ಆದರೂ 'ಅಕ್ಕಾ' ಎಂದು ಕರೆದಳಲ್ಲ ಎಂದು ಆಗಾಗ ನೆನೆಸಿಕೊಂಡಳು.

ಟೀಚರಮ್ಮ ಮುಂದಿನ ತರಗತಿ ಶುರುಮಾಡಿದಾಗ ಅವಳೇ ಹೋಗಿ ಸೇರಿದಳು. ಈ ಸಲ ಜೋಡಿ ಸಿಕ್ಕಿದವಳು ಸ್ವಾಗತದ ಮೇಜಿನ ಹುಡುಗಿ, ಚುರುಕು ಕಣ್ಣಿನವಳು. ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳುವ ಪಾಠ ಬಂದಾಗ ಅಕ್ಕ ಯಾವ ತಂಗಿಯನ್ನೂ ಮಗುವನ್ನೂ ಕರೆತರಲಿಲ್ಲ.

"ಐ ಲಿವ್ ಅಲೋನ್," ಎಂದಳು. ವ್ಯಾಕರಣ ಸರಿಯಾಗಿತ್ತು.

"ಎಷ್ಟು ಆರಾಮಲ್ವಾ ಆಂಟಿ!" ಎಂದಳು ಹುಡುಗಿ. "ನಮ್ಮನೇಲಿ ಸ್ನಾನಕ್ಕೂ ಸಾಲು ನಿಲ್ಬೇಕು."

"ಹೂಂ, ಆರಾಮ," ಎಂದು ಅಕ್ಕ ಪುಸ್ತಕದ ಮುಂದಿನ ಪ್ರಶ್ನೆಯ ಮೇಲೆ ಬೆರಳಿಟ್ಟಳು.