ಇಂಗ್ಲೆಂಡಿಗೆ ಹೊರಟ ಕಾಗದಕ್ಕೆ ಅರಿಷಿಣ

ಗೆಳೆಯರೇ, ಇವತ್ತು ಚಿಕ್ಕೋಡಿಯ ನಮ್ಮ ಕಾಲೇಜಿನಲ್ಲಿ ಒಬ್ಬ ತಾಯಿಯ ಮೇಲೆ ರೇಗಿಬಿಟ್ಟೆ.

ಪಿಯುಸಿ ಓದುವ ಸುಜಾತಾ ಇಂಗ್ಲೆಂಡಿನ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುತ್ತಿದ್ದಾಳೆ. ಅವಳ ಮೇಷ್ಟ್ರಾಗಿ ನಿನ್ನೆ ಅವಳಿಗೊಂದು ಶಿಫಾರಸು ಪತ್ರ ಟೈಪ್ ಮಾಡಿ, ಲಕೋಟೆ ಅಂಟಿಸಿ, ಅಂಟಿಸಿದ ಜಾಗದ ಮೇಲೆ ಸಹಿ ಹಾಕಿ ಕೊಟ್ಟಿದ್ದೆ. ಒಡೆದರೆ ಅದು ನಡೆಯುವುದಿಲ್ಲ. ಇವತ್ತು ಸದಲಗಾದಿಂದ ಬಂದ ಅವಳ ಅವ್ವ, ಒಡೆದ ಲಕೋಟೆಯನ್ನೇ ನನ್ನ ಮೇಜಿನ ಮೇಲಿಟ್ಟರು. ಒಳಗಿನ ಪತ್ರದ ನಾಲ್ಕೂ ಮೂಲೆಗೆ ಅರಿಷಿಣ!

"ಇದು ಗುಟ್ಟಿನ ಕಾಗದರಿ ಅಕ್ಕಾರ. ಯಾಕ ಒಡದ್ರಿ?"

"ನಂಗ ಇಂಗ್ಲಿಷ್ ಓದಾಕ ಎಲ್ಲಿ ಬರ್ತೈತ್ರಿ ಸರ? ನಿಮ್ಮ ಗುಟ್ಟು ಹಂಗ ಐತಿ."

"ಮತ್ತ ಈ ಅರಿಷಿಣ?"

"ಇಕೀ ಲಗ್ನಪತ್ರಿಕಿಗೆ ಅರಿಷಿಣ ಹಚ್ಚೂಣು ಅಂತ ಇವರಪ್ಪ ಅವಸರ ಮಾಡಾಕತ್ತಾರ್ರಿ. ನಾ ಮೊದಲ ಇದಕ್ಕ ಹಚ್ಚೇನಿ."

ಬೇರೆ ಪತ್ರ ಟೈಪ್ ಮಾಡಲೆಂದು ಮಷೀನಿಗೆ ಏರಿಸಿದ್ದ ಹಾಳೆಯನ್ನು ಹೊರಗೆಳೆದೆ. ಅದೇ ಅರಿಷಿಣದ ಪತ್ರವನ್ನು ಹೊಸ ಲಕೋಟೆಗೆ ಹಾಕಿ, ಅಂಟಿಸಿ, ಮತ್ತೆ ಸಹಿ ಮಾಡಿದೆ.

ಇಬ್ಬರ ಶಿಫಾರಸು ಬೇಕೆಂದು ಅರ್ಜಿಯಲ್ಲಿ ಕೇಳಿದ್ದರು. ಎರಡೂ ಒಂದೇ ಹಾಳೆಯಲ್ಲಿ ಹೋದವು.